ಗಾಯಕ್ಕೆ ಪರಿಹಾರ: ಒಂದು ಹಕ್ಕು ನಡೆದು ಬಂದ ದಾರಿ

ಊರು ಬಿಟ್ಟು ಬಂದವರಿಗೆ ರಸ್ತೆಯ ಋಣ ಹೆಚ್ಚು. ರಾಮಕೃಷ್ಣಪುರದಿಂದಲೋ ಮಯೂರ ವಿಹಾರದಿಂದಲೋ ದಿನಬೆಳಗಾದರೆ ಕಚೇರಿಗೆ, ಸಂಜೆ ಮಕ್ಕಳ ಟ್ಯೂಷನ್ನಿಗೆ, ಭಾನುವಾರ ಸಂಘದ ಕಾರ್ಯಕ್ರಮಕ್ಕೆ, ಬೇಸಿಗೆಯ ರಜೆ ಬಂತೆಂದರೆ ಎರಡು ಸಾವಿರ ಕಿಲೋಮೀಟರು ದೂರದ ಊರಿಗೆ. ಹೀಗೆ ನಮ್ಮ ಬಾಳಿನ ಒಂದು ದೊಡ್ಡ ಪಾಲು ಗಾಲಿಗಳ ಮೇಲೆಯೇ ಕಳೆಯುತ್ತದೆ. ಯಾವುದೋ ಒಂದು ತಿರುವಿನಲ್ಲಿ ಅವಘಡ ಸಂಭವಿಸಿದರೆ ಮೊದಲು ಏಳುವ ಪ್ರಶ್ನೆ ಜೀವದ್ದು. ಜೀವ ಉಳಿಯಿತೆಂದು ನಿಟ್ಟುಸಿರು ಬಿಟ್ಟ ಮೇಲೆ ಎರಡನೆಯ ಪ್ರಶ್ನೆ ಏಳುತ್ತದೆ: ಈ ಖರ್ಚನ್ನು ಹೊರುವವರು ಯಾರು? ಆರು ತಿಂಗಳು ಸಂಬಳವಿಲ್ಲದೆ ಮಲಗಿದವನ ಮನೆಯ ಒಲೆ ಉರಿಯುವುದು ಹೇಗೆ?

ಈ ಎರಡನೆಯ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳುವುದಕ್ಕೆ ನಮ್ಮಲ್ಲಿ ಅನೇಕರಿಗೆ ಸಂಕೋಚ. "ಹಣೆಯಲ್ಲಿ ಬರೆದದ್ದು, ಕೋರ್ಟು ಕಚೇರಿ ಯಾಕೆ?" ಎನ್ನುವವರುಂಟು. "ಪರಸ್ಥಳದಲ್ಲಿ ನಮಗೇಕೆ ಈ ಉಸಾಬರಿ?" ಎನ್ನುವವರು ಇನ್ನೂ ಹೆಚ್ಚು. ಆದರೆ ಮೋಟಾರು ಅಪಘಾತದ ಪರಿಹಾರವೆಂಬುದು ಯಾರೋ ಕನಿಕರಪಟ್ಟು ನೀಡುವ ದಾನವಲ್ಲ. ಅದು ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಒಂದೊಂದೇ ಮೆಟ್ಟಿಲು ಕಟ್ಟಿ ಏರಿಸಿದ ಹಕ್ಕು. ಆ ಮೆಟ್ಟಿಲುಗಳಲ್ಲಿ ಒಂದಂತೂ ನಮ್ಮಂಥ ವಲಸೆ ಕುಟುಂಬಗಳಿಗಾಗಿಯೇ ಇಟ್ಟಂತಿದೆ. ಆ ಕಥೆಯನ್ನು ಸ್ಥೂಲವಾಗಿ ಹೇಳುವುದು ಈ ಲೇಖನದ ಉದ್ದೇಶ.

ಕಲ್ಯಾಣದಿಂದ ಕಲ್ಕತ್ತೆಗೆ

ಗಾಡಿ ಹಾಯ್ದು ಗಾಯವಾದರೆ ಹೊಣೆ ಯಾರದು ಎಂಬ ಪ್ರಶ್ನೆ ಮೋಟಾರಿಗಿಂತ ಬಹಳ ಹಳೆಯದು. ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (1076-1126) ಕಾಲದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನವನ್ನು ಬರೆದನೆಂಬುದು ಓದುಗರಿಗೆ ತಿಳಿದದ್ದೇ. ಆಸ್ತಿ ಹಂಚಿಕೆಯ ವಿಷಯದಲ್ಲಿ ದೇಶದ ಬಹುಭಾಗಕ್ಕೆ ಪ್ರಮಾಣವಾದ ಗ್ರಂಥವಿದು. ಆ ಸ್ಮೃತಿಯಲ್ಲಿ ಬಂಡಿಯ ಮಾತೂ ಬರುತ್ತದೆ. ಎತ್ತಿನ ಮೂಗುದಾರ ಹರಿದೋ ನೊಗ ಮುರಿದೋ ಬಂಡಿ ಹಿಂದಕ್ಕೆ ಸರಿದು ಹಾನಿಯಾದರೆ ಒಡೆಯನಿಗೆ ದೋಷವಿಲ್ಲವೆಂದು ಅದು ಹೇಳುತ್ತದೆ. ಒಬ್ಬನನ್ನು ನೋಯಿಸಿದವನು ದಂಡವನ್ನಷ್ಟೇ ಅಲ್ಲ, ಗಾಯ ಮಾಯುವ ತನಕದ ಚಿಕಿತ್ಸೆಯ ವೆಚ್ಚವನ್ನೂ ಕೊಡಬೇಕೆಂದು ಇನ್ನೊಂದೆಡೆ ವಿಧಿಸುತ್ತದೆ. ಬಂಡಿ ಹೊಡೆಯಲು ಬಾರದವನಿಂದ ಅನಾಹುತವಾದರೆ ದಂಡ ಒಡೆಯನ ಮೇಲೆ ಎಂದು ಮನುಸ್ಮೃತಿಯಲ್ಲಿದೆ. ಚಾಲಕನ ತಪ್ಪು, ಒಡೆಯನ ಹೊಣೆ, ಚಿಕಿತ್ಸೆಯ ಖರ್ಚು: ಇಂದಿನ ನ್ಯಾಯಮಂಡಳಿಗಳಲ್ಲಿ ವಕೀಲರು ವಾದಿಸುವ ಮೂರೂ ಮಾತುಗಳು ಬೀಜರೂಪದಲ್ಲಿ ಅಲ್ಲಿಯೇ ಇದ್ದವು.

ಆದರೆ ಇಂದಿನ ಕಾಯಿದೆ ಆ ಬೀಜದಿಂದ ಮೊಳೆತದ್ದಲ್ಲ. ಅದರ ಮೂಲ ಇಂಗ್ಲೆಂಡಿನ ಕಾನೂನು. ಒಬ್ಬನ ತಪ್ಪಿನಿಂದ ಇನ್ನೊಬ್ಬ ಸತ್ತರೆ ಸತ್ತವನೊಡನೆ ಅವನ ಹಕ್ಕೂ ಸಾಯುತ್ತದೆ ಎಂಬುದು ಅಲ್ಲಿನ ಹಳೆಯ ನಿಯಮ. ಗಾಯಗೊಂಡವನು ದಾವೆ ಹೂಡಬಹುದಿತ್ತು, ಸತ್ತವನ ಹೆಂಡತಿ ಮಕ್ಕಳು ಹೂಡುವಂತಿರಲಿಲ್ಲ. ರೈಲುಗಳು ಬಂದು ಅಪಘಾತಗಳು ಹೆಚ್ಚಿದಾಗ 1846ರಲ್ಲಿ ಅಲ್ಲಿ ಈ ಅನ್ಯಾಯವನ್ನು ತಿದ್ದಲಾಯಿತು. ಅದನ್ನೇ ಅನುಸರಿಸಿ ನಮ್ಮಲ್ಲಿ 1855ರ ಪ್ರಾಣಾಂತಿಕ ಅಪಘಾತಗಳ ಕಾಯಿದೆ ಬಂದಿತು. ಅವಲಂಬಿತರಿಗೆ ದಾವೆಯ ಹಕ್ಕು ಸಿಕ್ಕಿತು. ಆದರೆ ದಾವೆ ಸಿವಿಲ್ ಕೋರ್ಟಿನಲ್ಲಿ. ಕೋರ್ಟು ಶುಲ್ಕ ಕಟ್ಟಬೇಕು. ತಪ್ಪು ಎದುರಾಳಿಯದೆಂದು ಸಾಕ್ಷಿ ಸಮೇತ ರುಜುವಾತು ಮಾಡಬೇಕು. ಗೆದ್ದ ಮೇಲೆ ಕೊಡಲು ಆತನ ಬಳಿ ಹಣವೂ ಇರಬೇಕು!

ವಿಮೆ ಬಂದ ಬಗೆ

ಕೊನೆಯದೇ ದೊಡ್ಡ ತೊಡಕಾಗಿತ್ತು. ಒಬ್ಬ ಲಾರಿ ಮಾಲೀಕನ ಆಸ್ತಿಯೆಂದರೆ ಹಲವು ಸಲ ಅವನ ಲಾರಿಯೊಂದೇ; ಅದೂ ಸಾಲದ್ದು. ಗಾಯಾಳುವಿನ ಕೈಗೆ ತೀರ್ಪಿನ ನಕಲು ಬರುತ್ತಿತ್ತು, ಹಣ ಬರುತ್ತಿರಲಿಲ್ಲ. ಇದಕ್ಕೆ ಇಂಗ್ಲೆಂಡು 1930ರಲ್ಲಿ ಕಂಡುಕೊಂಡ ಉಪಾಯ ಕಡ್ಡಾಯ ವಿಮೆ. ರಸ್ತೆಗೆ ವಾಹನ ಇಳಿಸುವವನು ತನ್ನ ಸಲುವಾಗಿ ಅಲ್ಲದಿದ್ದರೂ, ತನ್ನಿಂದ ನೋಯಬಹುದಾದ ಮೂರನೆಯವನ ಸಲುವಾಗಿ ವಿಮೆ ಮಾಡಿಸಲೇಬೇಕು. ನಮ್ಮಲ್ಲಿ 1914ರ ಮೋಟಾರು ಕಾಯಿದೆ ಲೈಸೆನ್ಸು, ನೋಂದಣಿಗಳಿಗೆ ಸಂಬಂಧಿಸಿದ್ದು. ಅದರ ಜಾಗಕ್ಕೆ ಬಂದ 1939ರ ಮೋಟಾರು ವಾಹನ ಕಾಯಿದೆಯ ಎಂಟನೆಯ ಅಧ್ಯಾಯ ಕಡ್ಡಾಯ ವಿಮೆಯನ್ನು ವಿಧಿಸಿತು. ಆ ಅಧ್ಯಾಯ ಜಾರಿಗೆ ಬಂದದ್ದು 1946ರ ಜುಲೈ 1ರಂದು. ಇಂದು ನಾವು 'ಥರ್ಡ್ ಪಾರ್ಟಿ' ಎಂದು ಹೇಳಿ ಸ್ಕೂಟರಿಗೂ ಕಾರಿಗೂ ವರ್ಷ ವರ್ಷ ಹಣ ಕಟ್ಟುವುದು ಅಲ್ಲಿಂದ ಬಂದ ಪದ್ಧತಿ.

ಮುಂದಿನ ಮೆಟ್ಟಿಲು 1956ರ ತಿದ್ದುಪಡಿ. ಸಿವಿಲ್ ಕೋರ್ಟಿನ ಬದಲು ಅಪಘಾತ ಪರಿಹಾರಕ್ಕೆಂದೇ ಪ್ರತ್ಯೇಕ ನ್ಯಾಯಮಂಡಳಿಗಳನ್ನು, ಅಂದರೆ ಕ್ಲೇಮ್ಸ್ ಟ್ರಿಬ್ಯೂನಲ್ಲುಗಳನ್ನು, ಸ್ಥಾಪಿಸಲು ಅದು ಅವಕಾಶ ಮಾಡಿತು. ದಾವೆಯ ಬದಲು ಅರ್ಜಿ, ದೀರ್ಘ ವಿಚಾರಣೆಯ ಬದಲು ಸಂಕ್ಷಿಪ್ತ ವಿಚಾರಣೆ ಎಂಬ ಆಶಯ ಒಳ್ಳೆಯದೇ. ಆದರೆ ಎರಡು ಕಟ್ಟುಪಾಡುಗಳಿದ್ದವು. ಅರ್ಜಿಯನ್ನು 60 ದಿನಗಳೊಳಗೆ ಕೊಡಬೇಕು; ಮತ್ತು ಅಪಘಾತ ನಡೆದ ಪ್ರದೇಶದ ನ್ಯಾಯಮಂಡಳಿಗೇ ಕೊಡಬೇಕು. ಕಾಲು ಮುರಿದುಕೊಂಡವನು ಆಸ್ಪತ್ರೆಯಿಂದ ಹೊರಬರುವಷ್ಟರಲ್ಲಿಯೇ 60 ದಿನಗಳು ಕಳೆದಿರುತ್ತಿದ್ದವು. 1969ರ ತಿದ್ದುಪಡಿಯಲ್ಲಿ ಇದನ್ನು ಆರು ತಿಂಗಳಿಗೆ ಏರಿಸಿದರು. ಸ್ಥಳದ ಕಟ್ಟುಪಾಡು ಮಾತ್ರ ಹಾಗೆಯೇ ಉಳಿಯಿತು.

ವಿಮೆಯ ಹೊಣೆಗೂ ಮಿತಿಯಿತ್ತು. ಬಸ್ಸಿನ ಪ್ರಯಾಣಿಕನ ಲೆಕ್ಕಕ್ಕೆ ವಿಮಾ ಕಂಪನಿ ಕೊಡಬೇಕಾಗಿದ್ದದ್ದು 1969ರ ತಿದ್ದುಪಡಿಯಂತೆ ತಲೆಗೆ 5,000 ರೂಪಾಯಿ, ಟ್ಯಾಕ್ಸಿಯಾದರೆ 10,000. ನ್ಯಾಯಮಂಡಳಿ ಎಷ್ಟೇ ಹೆಚ್ಚು ಗೊತ್ತು ಮಾಡಲಿ, ಮಿಕ್ಕದ್ದಕ್ಕೆ ಮಾಲೀಕನ ಬೆನ್ನು ಹತ್ತಬೇಕು. 1982ರಲ್ಲಿ ಬಸ್ಸಿನ ಪ್ರಯಾಣಿಕನ ಮಿತಿ 15,000 ಆಯಿತು. ಮಿತಿಯೇ ತೊಲಗಿ, ಸಾವು ನೋವುಗಳಿಗೆ ವಿಮಾ ಕಂಪನಿ ಪೂರ್ಣ ಹೊಣೆ ಹೊರುವಂತಾದದ್ದು 1988ರ ಕಾಯಿದೆಯಿಂದ.

ತಪ್ಪು ಯಾರದೆಂಬ ಜಿಜ್ಞಾಸೆ

ನಮ್ಮ ನೆರೆಯ ಹರಿಯಾಣದಿಂದ ಒಂದು ಪ್ರಕರಣ 1979ರಲ್ಲಿ ಸುಪ್ರೀಂ ಕೋರ್ಟಿಗೆ ಬಂದಿತು. ರಾಜ್ಯ ಸಾರಿಗೆಯ ಬಸ್ಸಿಗೆ ಸಿಕ್ಕಿ ಸತ್ತವನ ವಿಧವೆ ಮತ್ತು ಮಗಳು ಪರಿಹಾರ ಕೇಳಿದ್ದರು. ಕೋರ್ಟು ಶುಲ್ಕ ಕಟ್ಟಲು ಅವರಲ್ಲಿ ಹಣವಿರಲಿಲ್ಲ. ಬಡವರೆಂದು ಶುಲ್ಕದಿಂದ ವಿನಾಯಿತಿ ಕೊಟ್ಟುದನ್ನು ವಿರೋಧಿಸಿ ಸರ್ಕಾರವೇ ದೆಹಲಿಯವರೆಗೆ ಬಂದಿತು! ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು ಆ ಅರ್ಜಿಯನ್ನು ತಳ್ಳಿಹಾಕಿದ್ದಲ್ಲದೆ, ಅನ್ಯಾಯಕ್ಕೊಳಗಾದವರ ಬಡತನವೇ ನ್ಯಾಯಕ್ಕೆ ಅಡ್ಡಿಯಾಗಬಾರದೆಂದು ರಾಜ್ಯಕ್ಕೆ ಬುದ್ಧಿ ಹೇಳಿದರು.

ಅದಕ್ಕೂ ಕಠಿಣವಾದದ್ದು ತಪ್ಪಿನ ಪ್ರಶ್ನೆ. ಚಾಲಕನ ನಿರ್ಲಕ್ಷ್ಯ ರುಜುವಾತಾಗದ ಹೊರತು ಪರಿಹಾರವಿಲ್ಲವೆಂದು 1977ರಲ್ಲಿ ಸುಪ್ರೀಂ ಕೋರ್ಟು ಹೇಳಿತ್ತು. ರಾತ್ರಿ ಹೆದ್ದಾರಿಯಲ್ಲಿ ಪ್ರಜ್ಞೆ ತಪ್ಪಿ ಬಿದ್ದವನು ಸಾಕ್ಷಿಯನ್ನು ಎಲ್ಲಿಂದ ತರಬೇಕು? ಈ ಕೊರತೆಯನ್ನು ಅಲ್ಪಮಟ್ಟಿಗೆ ತುಂಬಿದ್ದು 1982ರ ತಿದ್ದುಪಡಿ. ತಪ್ಪಿನ ಚರ್ಚೆಯಿಲ್ಲದೆಯೇ ಸಾವಿಗೆ 15,000, ಶಾಶ್ವತ ಅಂಗವೈಕಲ್ಯಕ್ಕೆ 7,500 ರೂಪಾಯಿ ಕೊಡಬೇಕೆಂದಾಯಿತು. ಗುದ್ದಿ ಓಡಿಹೋದ ವಾಹನ ಪತ್ತೆಯಾಗದಿದ್ದರೂ ಸಾವಿಗೆ 5,000, ತೀವ್ರ ಗಾಯಕ್ಕೆ 1,000 ರೂಪಾಯಿಯ ನೆರವು ದೊರೆಯುವಂತಾಯಿತು. ಮೊತ್ತ ಚಿಕ್ಕದು, ತತ್ತ್ವ ದೊಡ್ಡದು.

ಈ ಮೊತ್ತಗಳು ತೀರ ಅಲ್ಪವೆಂದು ಎತ್ತಿ ಹೇಳಿದವರು ಕನ್ನಡ ನಾಡಿನ ನ್ಯಾಯಮೂರ್ತಿ ಇ.ಎಸ್. ವೆಂಕಟರಾಮಯ್ಯನವರು. 1989ರಲ್ಲಿ ಭಾರತದ ಮುಖ್ಯ ನ್ಯಾಯಾಧೀಶರಾದ ಅವರು, ಅದಕ್ಕೆ ಎರಡು ವರ್ಷ ಮೊದಲು, 1987ರಲ್ಲಿ, ಕೇರಳದಿಂದ ಬಂದ ಒಂದು ಪ್ರಕರಣದ ತೀರ್ಪಿನಲ್ಲಿ ಈ ಮೊತ್ತಗಳನ್ನು ಏರಿಸಬೇಕೆಂದೂ ವಾಹನದ ಜಾತಿಗೆ ತಕ್ಕಂತೆ ವಿಮಾ ಕಂಪನಿಯ ಹೊಣೆ ಬದಲಾಗುವ ತಾರತಮ್ಯ ಹೋಗಬೇಕೆಂದೂ ಸೂಚಿಸಿದರು. 1988ರ ಹೊಸ ಕಾಯಿದೆಯ ಮಸೂದೆಯನ್ನು ಸಂಸತ್ತಿನ ಮುಂದಿಟ್ಟಾಗ ಸರ್ಕಾರ ತನ್ನ ಉದ್ದೇಶಗಳ ವಿವರಣೆಯಲ್ಲಿ ಆ ತೀರ್ಪನ್ನು ಹೆಸರಿಸಿಯೇ ಉಲ್ಲೇಖಿಸಿತು. ಹೊಸ ಕಾಯಿದೆ 1989ರ ಜುಲೈ 1ರಂದು ಜಾರಿಗೆ ಬಂದಿತು.

ನಮ್ಮ ಪಾಲಿನ ಮೆಟ್ಟಿಲು

ಈಗ ನಮಗೆ ಎಲ್ಲಕ್ಕಿಂತ ಹತ್ತಿರವಾದ ಸಂಗತಿಗೆ ಬರೋಣ. ದೆಹಲಿಯಲ್ಲಿ ನೆಲೆಸಿದ ಒಬ್ಬ ಕನ್ನಡಿಗರು ರಜೆಯಲ್ಲಿ ಮಂಗಳೂರಿಗೆ ಹೊರಟಿದ್ದಾಗ ಶಿರಾಡಿ ಘಾಟಿಯಲ್ಲಿ ಬಸ್ಸು ಉರುಳಿ ಬೆನ್ನುಮೂಳೆಗೆ ಪೆಟ್ಟು ಬಿತ್ತೆಂದು ಇಟ್ಟುಕೊಳ್ಳಿ. 1994ಕ್ಕೆ ಮುಂಚೆಯಾದರೆ ಅವರು ಆ ಘಾಟಿ ಯಾವ ನ್ಯಾಯಮಂಡಳಿಯ ವ್ಯಾಪ್ತಿಗೆ ಬರುವುದೋ ಅಲ್ಲಿಯೇ ಅರ್ಜಿ ಹಾಕಬೇಕಾಗಿತ್ತು. ಪ್ರತಿ ಹಾಜರಿಗೂ ದೆಹಲಿಯಿಂದ ಎರಡು ರಾತ್ರಿಯ ರೈಲು ಪ್ರಯಾಣ, ಸರ್ಕಾರಿ ನೌಕರನಿಗೆ ರಜೆಯ ಲೆಕ್ಕ, ಎದ್ದು ಕೂರಲಾರದ ದೇಹ. ಇಷ್ಟೆಲ್ಲ ಯಾರಿಗೆ ಸಾಧ್ಯ? ಹಕ್ಕು ಕಾಗದದ ಮೇಲಿತ್ತು, ದೂರ ಅದನ್ನು ನುಂಗಿಹಾಕುತ್ತಿತ್ತು.

1994ರ ನವೆಂಬರ್ 14ರಂದು ಜಾರಿಗೆ ಬಂದ ತಿದ್ದುಪಡಿ ಈ ಗೋಡೆಯನ್ನು ಕೆಡವಿತು. ಕಾಯಿದೆಯ 166ನೆಯ ಕಲಮಿನ ಪ್ರಕಾರ ಅರ್ಜಿದಾರನು ಮೂರು ಕಡೆಗಳಲ್ಲಿ ತನಗೆ ಅನುಕೂಲವಾದದ್ದನ್ನು ಆರಿಸಿಕೊಳ್ಳಬಹುದು: ಅಪಘಾತ ನಡೆದ ಸ್ಥಳ, ತಾನು ವಾಸಿಸುವ ಅಥವಾ ವ್ಯಾಪಾರ ಮಾಡುವ ಸ್ಥಳ, ಎದುರುಪಕ್ಷದವರು ವಾಸಿಸುವ ಸ್ಥಳ. ಶಿರಾಡಿಯಲ್ಲಿ ಬಿದ್ದವರು ದೆಹಲಿಯ ಸಾಕೇತದಲ್ಲೋ ದ್ವಾರಕೆಯಲ್ಲೋ ರೋಹಿಣಿಯಲ್ಲೋ ತಮ್ಮ ಬಡಾವಣೆಗೆ ಸೇರಿದ ಕೋರ್ಟಿನಲ್ಲಿ ಅರ್ಜಿ ಹಾಕಬಹುದು. ನೋಯಿಡಾದವರು ತಮ್ಮ ಜಿಲ್ಲೆಯಲ್ಲಿ, ಗುರುಗ್ರಾಮದವರು ತಮ್ಮಲ್ಲಿ. ಇದರ ಮಗ್ಗುಲೂ ಅಷ್ಟೇ ಮುಖ್ಯ. ಮೊಮ್ಮಗುವನ್ನು ನೋಡಲು ಧಾರವಾಡದಿಂದ ಬಂದ ಅಜ್ಜನಿಗೆ ರಿಂಗ್ ರೋಡಿನಲ್ಲಿ ಕಾರು ಬಡಿದರೆ, ಅವರು ಊರಿಗೆ ಮರಳಿ ಧಾರವಾಡದಲ್ಲಿಯೇ, ಕನ್ನಡದಲ್ಲಿಯೇ ಸಾಕ್ಷ್ಯ ಹೇಳುವಂತಾಗಬಹುದು. ವಲಸೆ ಹೋದವನ ಕಷ್ಟವನ್ನು ಅರಿತ ಕಾನೂನು ಎಂದರೆ ಇದು.

ಅದೇ ತಿದ್ದುಪಡಿ ಆರು ತಿಂಗಳ ಕಾಲಮಿತಿಯನ್ನೂ ತೆಗೆದುಹಾಕಿತು. ಆ ಸೌಲಭ್ಯದ ಕಥೆ ಮುಂದೆ ಬರುತ್ತದೆ.

ಗಾಯಕ್ಕೆ ಬೆಲೆ ಕಟ್ಟುವುದು

ಕೈಯೊಂದು ಹೋದರೆ ಅದರ ಬೆಲೆ ಎಷ್ಟು? ಯಾವ ತಕ್ಕಡಿಯೂ ಇದನ್ನು ತೂಗಲಾರದು. ಆದರೂ ನ್ಯಾಯಾಲಯ ಒಂದು ಅಂಕಿಯನ್ನು ಹೇಳಲೇಬೇಕು. ನಮ್ಮ ಕರಾವಳಿಯವರಿಗೆ ಪರಿಚಿತವಾದ ಅಡ್ಡಹೆಸರಿನ 'ಹಟ್ಟಂಗಡಿ ಪ್ರಕರಣ' 1995ರಲ್ಲಿ ವರದಿಯಾಯಿತು. ಚುರುಕಾಗಿ ವೃತ್ತಿ ಮಾಡುತ್ತಿದ್ದ ವಕೀಲರೊಬ್ಬರು ಅಪಘಾತದಿಂದ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡಿದ್ದರು. ಹಣದಲ್ಲಿ ಎಣಿಸಬಹುದಾದ ನಷ್ಟ ಬೇರೆ, ನೋವು ಮತ್ತು ಬದುಕಿನ ಸುಖಗಳ ನಷ್ಟ ಬೇರೆ ಎಂದು ಸುಪ್ರೀಂ ಕೋರ್ಟು ಅಲ್ಲಿ ವಿಂಗಡಿಸಿ, ಎರಡಕ್ಕೂ ಪರಿಹಾರ ಸಲ್ಲಬೇಕೆಂದಿತು.

ಆದರೂ ಒಂದೇ ಬಗೆಯ ಗಾಯಕ್ಕೆ ಒಂದೂರಿನಲ್ಲಿ ಒಂದು ಮೊತ್ತ, ಇನ್ನೊಂದೂರಿನಲ್ಲಿ ಇನ್ನೊಂದು. ಈ ಗೊಂದಲಕ್ಕೆ ಕ್ರಮ ತಂದವರಲ್ಲಿ ಮುಖ್ಯರು ನ್ಯಾಯಮೂರ್ತಿ ಆರ್.ವಿ. ರವೀಂದ್ರನ್. ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಗಳಾಗಿದ್ದು 2005ರಲ್ಲಿ ಸುಪ್ರೀಂ ಕೋರ್ಟಿಗೆ ಬಂದವರು. 2009ರ ಅವರ 'ಸರಳಾ ವರ್ಮಾ' ತೀರ್ಪು ದೆಹಲಿ ಸಾರಿಗೆ ನಿಗಮದ ಬಸ್ಸಿಗೆ ಸಂಬಂಧಿಸಿದ್ದು. ಕೃಷಿ ಸಂಶೋಧನಾ ಪರಿಷತ್ತಿನ 38 ವರ್ಷದ ವಿಜ್ಞಾನಿಯೊಬ್ಬರು 1988ರಲ್ಲಿ ತೀರಿಕೊಂಡಿದ್ದರು. ವಯಸ್ಸಿಗೆ ತಕ್ಕ ಗುಣಕಗಳ ಪಟ್ಟಿಯೊಂದನ್ನು ಆ ತೀರ್ಪು ನಿಗದಿಪಡಿಸಿತು. 25ರವರೆಗೆ 18, 26ರಿಂದ 30ಕ್ಕೆ 17, 31ರಿಂದ 35ಕ್ಕೆ 16, 36ರಿಂದ 40ಕ್ಕೆ 15, ಹೀಗೆ ಇಳಿಯುತ್ತ 65 ದಾಟಿದವರಿಗೆ 5.

ಮರುವರ್ಷ, 2010ರ ಅಕ್ಟೋಬರಿನಲ್ಲಿ, ಅವರೇ ಬರೆದ 'ರಾಜ್‌ಕುಮಾರ್' ತೀರ್ಪು ಗಾಯಾಳುಗಳ ಪಾಲಿನ ಕೈಪಿಡಿಯೆನ್ನಬಹುದು. ಚೀಸ್ ಮಾರಿ ಜೀವನ ಸಾಗಿಸುತ್ತಿದ್ದವನೊಬ್ಬನ ಕಾಲು ಮುರಿದಿತ್ತು. ಕಾಲಿಗೆ ನೂರಕ್ಕೆ 45ರಷ್ಟು ವೈಕಲ್ಯವೆಂದು ವೈದ್ಯರ ಸರ್ಟಿಫಿಕೇಟು ಹೇಳುತ್ತಿತ್ತು. ಒಂದು ಅಂಗದ ವೈಕಲ್ಯ ಬೇರೆ, ಇಡೀ ದೇಹದ್ದು ಬೇರೆ, ಗಳಿಕೆಯ ಶಕ್ತಿಗೆ ಬಿದ್ದ ಪೆಟ್ಟು ಇನ್ನೂ ಬೇರೆ ಎಂದು ಕೋರ್ಟು ಬಿಡಿಸಿ ಹೇಳಿತು. ಎಡಗೈ ಕಳೆದುಕೊಂಡ ಬಡಗಿಗೋ ಡ್ರೈವರಿಗೋ ಇಡೀ ಕಸುಬೇ ಹೋಗಬಹುದು. ಸರ್ಕಾರಿ ಗುಮಾಸ್ತನಾದರೆ ನೌಕರಿ ಉಳಿಯಬಹುದು. ಆದ್ದರಿಂದ ಗಾಯವನ್ನಷ್ಟೇ ನೋಡದೆ ಆ ಮನುಷ್ಯನ ಕೆಲಸವನ್ನು ನೋಡಿ ಲೆಕ್ಕ ಹಾಕಬೇಕು. ಔಷಧ, ಆಸ್ಪತ್ರೆ, ಓಡಾಟ, ಪುಷ್ಟಿಕರ ಆಹಾರ, ಮಲಗಿದ್ದ ಕಾಲದ ಸಂಬಳ, ಮುಂದಿನ ಗಳಿಕೆ, ಮುಂದಿನ ಚಿಕಿತ್ಸೆ, ನೋವು, ಕಳೆದುಕೊಂಡ ಸುಖ: ಇವೆಲ್ಲ ಬೇರೆ ಬೇರೆ ಬಾಬುಗಳು.

ಸಂಬಳದ ಚೀಟಿಯಿಲ್ಲದ ಕೂಲಿಕಾರನ ಗತಿ ಏನು? 2011ರಲ್ಲಿ ಕರ್ನಾಟಕದ ಒಬ್ಬ ಕೂಲಿಯ ಪ್ರಕರಣದಲ್ಲಿ ತಿಂಗಳಿಗೆ 4,500 ರೂಪಾಯಿ ಗಳಿಸುತ್ತಿದ್ದೆನೆಂಬ ಆತನ ಮಾತನ್ನು ನ್ಯಾಯಮೂರ್ತಿ ಎಚ್.ಎಲ್. ದತ್ತು ಅವರ ತೀರ್ಪು ಒಪ್ಪಿಕೊಂಡಿತು. 2020ರಲ್ಲಿ ಮೈಸೂರಿನಲ್ಲಿ ಹುಟ್ಟಿದ ನ್ಯಾಯಮೂರ್ತಿ ಎಸ್. ರವೀಂದ್ರ ಭಟ್ ಅವರು ಕೈ ಕಳೆದುಕೊಂಡ ತರುಣ ಡಾಟಾ ಎಂಟ್ರಿ ಆಪರೇಟರನೊಬ್ಬನ ಪ್ರಕರಣದಲ್ಲಿ, ಮುಂದೆ ಹೆಚ್ಚಬಹುದಾಗಿದ್ದ ವರಮಾನವನ್ನು ಸತ್ತವರಿಗಷ್ಟೇ ಅಲ್ಲ, ಬದುಕುಳಿದ ಗಾಯಾಳುವಿಗೂ ಲೆಕ್ಕ ಹಿಡಿಯಬೇಕೆಂದರು.

ಲೆಕ್ಕದ ಬಗೆಯನ್ನು ಒಂದು ಉದಾಹರಣೆಯಿಂದ ನೋಡಬಹುದು. ಸ್ವಂತ ಕಸುಬಿನ 38 ವರ್ಷದ ಎಲೆಕ್ಟ್ರಿಷಿಯನ್. ತಿಂಗಳ ಗಳಿಕೆ 20,000. ಗಳಿಕೆಯ ಶಕ್ತಿ ನೂರಕ್ಕೆ 30ರಷ್ಟು ಕುಂದಿದೆ. ಮುಂದಿನ ಏರಿಕೆಗೆಂದು 40 ವರ್ಷದೊಳಗಿನ ಸ್ವಂತ ಕಸುಬಿನವರಿಗೆ ನೂರಕ್ಕೆ 40 ಸೇರಿಸುತ್ತಾರೆ. ಆಗ ತಿಂಗಳಿಗೆ 28,000, ವರ್ಷಕ್ಕೆ 3,36,000. ಅದರ 30 ಭಾಗ 1,00,800. ಗುಣಕ 15ರಿಂದ ಗುಣಿಸಿದರೆ 15,12,000 ರೂಪಾಯಿ. ಆಸ್ಪತ್ರೆಯ ಬಿಲ್ಲು, ನೋವಿನ ಪರಿಹಾರ ಇದರ ಮೇಲೆ.

ತಡವಾದ ನ್ಯಾಯ

ಸರಳಾ ವರ್ಮಾ ಪ್ರಕರಣದಲ್ಲಿ ಅಪಘಾತ 1988ರದು, ಅಂತಿಮ ತೀರ್ಪು 2009ರದು. 21 ವರ್ಷ! ಅಷ್ಟರಲ್ಲಿ ಮಕ್ಕಳು ಬೆಳೆದು ದೊಡ್ಡವರಾಗಿರುತ್ತಾರೆ. ಅದೇ 2009ರ ಡಿಸೆಂಬರಿನಲ್ಲಿ ರವೀಂದ್ರನ್ ಅವರ ಪೀಠವೇ, ಅಪಘಾತದ ವರದಿಯನ್ನು ಪೊಲೀಸರು 30 ದಿನಗಳಲ್ಲಿ ನ್ಯಾಯಮಂಡಳಿಗೆ ಕಳುಹಿಸಬೇಕೆಂಬ ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸಲು ಆದೇಶಿಸಿತು. ದೆಹಲಿ ಹೈಕೋರ್ಟು ಪೊಲೀಸರು, ವಿಮಾ ಕಂಪನಿಗಳು ಮತ್ತು ನ್ಯಾಯಮಂಡಳಿಗಳು ಕೂಡಿ ನಡೆಯಬೇಕಾದ ಕ್ರಮವೊಂದನ್ನು ರೂಪಿಸಿತು. ಈ ದೆಹಲಿಯ ಪ್ರಯೋಗವೇ ಬೆಳೆದು 2022ರ ಏಪ್ರಿಲ್ 1ರಿಂದ ಇಡೀ ದೇಶದ ನಿಯಮವಾಯಿತು. ಈಗ ಪೊಲೀಸರು 48 ಗಂಟೆಗಳಲ್ಲಿ ಮೊದಲ ವರದಿಯನ್ನೂ 90 ದಿನಗಳಲ್ಲಿ ವಿವರವಾದ ವರದಿಯನ್ನೂ ನ್ಯಾಯಮಂಡಳಿಗೆ ಕೊಡಬೇಕು.

2019ರ ತಿದ್ದುಪಡಿಯ ಪರಿಹಾರದ ಭಾಗವೂ ಅದೇ ದಿನ ಜಾರಿಗೆ ಬಂದಿತು. ಅದರಲ್ಲಿ ಲಾಭವೂ ಇದೆ, ನಷ್ಟವೂ ಇದೆ. ತಪ್ಪಿನ ಚರ್ಚೆಯಿಲ್ಲದೆ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ ದೊರೆಯುತ್ತದೆ. ಗುದ್ದಿ ಓಡಿದ ವಾಹನದ ಪ್ರಕರಣಗಳಲ್ಲಿ 2 ಲಕ್ಷ ಮತ್ತು 50,000. ಆದರೆ ತಪ್ಪಿನ ಚರ್ಚೆಯಿಲ್ಲದ ಆ ಮೊತ್ತವನ್ನು ಒಮ್ಮೆ ಒಪ್ಪಿಕೊಂಡರೆ ಹೆಚ್ಚಿನ ಪರಿಹಾರದ ಅರ್ಜಿ ಬಿದ್ದುಹೋಗುತ್ತದೆ. ಮೇಲಿನ ಎಲೆಕ್ಟ್ರಿಷಿಯನ್ನನ ಲೆಕ್ಕವನ್ನು ನೆನೆದರೆ ಅವಸರದಲ್ಲಿ ಸಹಿ ಹಾಕಬಾರದೆಂಬುದು ತಾನೇ ಹೊಳೆಯುತ್ತದೆ.

1994ರಲ್ಲಿ ತೊಲಗಿದ್ದ ಆರು ತಿಂಗಳ ಕಾಲಮಿತಿಯೂ ಮರಳಿ ಬಂದಿದೆ. ಅದನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿಗೆ ಹೋಗಿ, ಕಾಲ ಮೀರಿತೆಂಬ ಕಾರಣದಿಂದ ಅರ್ಜಿಗಳನ್ನು ವಜಾ ಮಾಡಬಾರದೆಂದು 2025ರ ನವೆಂಬರಿನಲ್ಲಿ ಮಧ್ಯಂತರ ಆದೇಶವಾಯಿತು. ಮಧ್ಯಂತರ ಆದೇಶವನ್ನು ನಂಬಿ ಕೂರುವುದು ಜಾಣತನವಲ್ಲ. ಆರು ತಿಂಗಳೊಳಗೆ ಅರ್ಜಿ ಹಾಕುವುದೇ ಕ್ಷೇಮ.

ಕಾಗದಗಳ ಮಾತು

ಹಕ್ಕು ಎಷ್ಟೇ ದೊಡ್ಡದಾಗಲಿ, ಅದು ನಿಲ್ಲುವುದು ಕಾಗದಗಳ ಮೇಲೆ. ಪೊಲೀಸರ ಎಫ್.ಐ.ಆರ್. ನಕಲು, ಆಸ್ಪತ್ರೆಯ ಮೊದಲ ದಿನದ ಚೀಟಿ, ಬಿಡುಗಡೆಯ ಪತ್ರ, ಔಷಧದ ಪ್ರತಿಯೊಂದು ಬಿಲ್ಲು, ಟ್ಯಾಕ್ಸಿಯ ರಸೀದಿ, ರಜೆಯ ಮತ್ತು ಸಂಬಳದ ದಾಖಲೆ, ಎದುರು ವಾಹನದ ನಂಬರು ಮತ್ತು ವಿಮೆಯ ವಿವರ, ಇವನ್ನು ಮೊದಲ ದಿನದಿಂದಲೇ ಒಂದು ಫೈಲಿನಲ್ಲಿ ಸೇರಿಸಬೇಕು. ಗೆದ್ದ ಹಣದಲ್ಲಿ ಇಂತಿಷ್ಟು ಪಾಲು ಎಂದು ವಕೀಲರು ಕರಾರು ಮಾಡಿಕೊಳ್ಳುವುದನ್ನು ಬಾರ್ ಕೌನ್ಸಿಲಿನ ನಿಯಮಗಳು ಒಪ್ಪುವುದಿಲ್ಲವೆಂಬುದೂ ತಿಳಿದಿರಲಿ.

ನಮ್ಮವರಿಗೆ ಇನ್ನೊಂದು ಕೆಲಸ ಹೆಚ್ಚುವರಿಯಾಗಿ ಬೀಳುತ್ತದೆ. ಊರಿನಲ್ಲಿ ಅಪಘಾತವಾಗಿ ದೆಹಲಿಯಲ್ಲಿ ಅರ್ಜಿ ಹಾಕಿದರೆ ಅಲ್ಲಿಯ ಪೊಲೀಸರ ದೂರು, ಮಹಜರು, ಸಾಕ್ಷಿಗಳ ಹೇಳಿಕೆ ಎಲ್ಲವೂ ಕನ್ನಡದಲ್ಲಿರುತ್ತವೆ. ಇಲ್ಲಿಯ ನ್ಯಾಯಾಧೀಶರಿಗೆ ಅದು ಅಪರಿಚಿತ ಲಿಪಿ. 'ಎದುರಿನಿಂದ ಬಂದು' ಎಂಬುದು 'ಹಿಂದಿನಿಂದ ಬಂದು' ಎಂದು ಭಾಷಾಂತರವಾದರೆ ತಪ್ಪು ಯಾರದೆಂಬುದೇ ಬದಲಾಗಿ ಹೋದೀತು. ಎರಡೂ ಭಾಷೆ ಬಲ್ಲ, ಕೋರ್ಟಿನ ಪರಿಭಾಷೆಯನ್ನೂ ಬಲ್ಲ ಹಿರಿಯರು ನಮ್ಮ ನಡುವೆ ಬೇಕಾದಷ್ಟು ಮಂದಿ ಇದ್ದಾರೆ. ಅಪಘಾತದಲ್ಲಿ ಸಿಲುಕಿದ ಕುಟುಂಬಕ್ಕೆ ಹೂವು ಹಣ್ಣು ಒಯ್ಯುವುದರ ಜೊತೆಗೆ ಅವರ ಕಾಗದಗಳನ್ನು ಓದಿ, ಸರಿಯಾಗಿ ಭಾಷಾಂತರಿಸಿಕೊಟ್ಟು, ಮೊದಲ ಹಾಜರಿಯ ದಿನ ಕೋರ್ಟಿನವರೆಗೆ ಜೊತೆಯಲ್ಲಿ ಹೋಗಿಬರುವವರು ನಮ್ಮಲ್ಲಿ ನಾಲ್ಕು ಜನ ಮುಂದೆ ಬಂದರೆ, 1994ರ ಆ ತಿದ್ದುಪಡಿ ನಮ್ಮ ಪಾಲಿಗೆ ಪೂರ್ತಿಯಾಗಿ ಜಾರಿಗೆ ಬಂದಂತೆ.